ಕಮಿಷನ್ ಸಿಗದ ಮೊಮ್ಮಗಳು

ಮೊದಲೇ ಸ್ಟಾರ್ ಕೊಟ್ಟುಬಿಡುತ್ತೇನೆ. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಒಂದು ಚಿನ್ನದಂಗಡಿಯ ಮೇಲೆ ಎರಡನೇ ಮಹಡಿಯಲ್ಲಿರೋ ಫಾರಿನ್ ಎಜುಕೇಷನ್ ಕನ್ಸಲ್ಟೆನ್ಸಿಗೆ ಒಂದು. ಅದೂ ಅವರು ಕೊಟ್ಟ ಬಾದಾಮಿ ಹಾಲಿಗೆ. ಮೊಮ್ಮಗಳು ಈಗ ಓದುತ್ತಿರೋ ಅಮೆರಿಕದ ಸರ್ಕಾರಿ ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ನಾಲ್ಕು. ಐದನೆಯದು ಯಾಕೆ ಹೋಯಿತು ಅನ್ನೋದು ಮುಂದೆ ಬರುತ್ತೆ. ಎರಡರ ಹೆಸರನ್ನೂ ಬರೆಯೋದಿಲ್ಲ. ಒಬ್ಬರು ನಮ್ಮೂರಲ್ಲೇ ಬದುಕು ಮಾಡಬೇಕು, ಇನ್ನೊಂದು ಕಡೆ ನಮ್ಮ ಹುಡುಗಿಯ ಫೈಲ್ ಇನ್ನೂ ಓಪನ್ ಇದೆ.

ನಾನು ಯಾರು ಅಂದರೆ, ಮೂವತ್ತೊಂದು ವರ್ಷ ಇದೇ ಊರಿನ ಕಾಲೇಜೊಂದರಲ್ಲಿ ಸ್ಕಾಲರ್‌ಶಿಪ್ ಸೆಕ್ಷನ್ ನೋಡಿಕೊಂಡ ಗುಮಾಸ್ತ. ಕಾರ್ಬನ್ ಪೇಪರ್ ಇಟ್ಟು ಲಿಸ್ಟ್ ಬರೆದು, ಅಕ್ವಿಟೆನ್ಸ್ ರಿಜಿಸ್ಟರಿನಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಹುಡುಗರ ಸಹಿ ಹಾಕಿಸಿ ನೋಟು ಎಣಿಸಿ ಕೊಟ್ಟ ಕಾಲದಿಂದ ಹಿಡಿದು, ಎಸ್‌ಎಸ್‌ಪಿ ಪೋರ್ಟಲ್, ಇ-ಅಟೆಸ್ಟೇಷನ್, ಆರ್‌ಡಿ ನಂಬರ್, ಆಧಾರ್ ಸೀಡಿಂಗ್ ಅಂತ ಹುಡುಗರು ಬಾಗಿಲಲ್ಲಿ ಸಾಲು ನಿಂತ ಕಾಲದವರೆಗೂ ನೋಡಿದ್ದೇನೆ. ಹಾಗಾಗಿ ಸ್ಕಾಲರ್‌ಶಿಪ್ ಅಂದ ತಕ್ಷಣ ಬೇರೆಯವರ ಕಣ್ಣು ಮೊತ್ತದ ಕಡೆ ಹೋದರೆ, ನನ್ನ ಕಣ್ಣು ಕೆಳಗಿನ ಸೀಲಿನ ಕಡೆ ಹೋಗುತ್ತೆ.

ವಿಷಯ ಹೀಗಿದೆ. ಅಳಿಯಂದಿರು ಎಚ್‌-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದಾಗ ಹುಟ್ಟಿದ ಮಗು ನಮ್ಮ ಪುಟ್ಟಿ. ನಾಲ್ಕು ವರ್ಷದವಳಿದ್ದಾಗ ಎಲ್ಲರೂ ವಾಪಸ್ ಬಂದರು. ಅಳಿಯಂದಿರು ಈಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿದ್ದಾರೆ, ವರ್ಷಕ್ಕೆ ಒಂಬತ್ತೂವರೆ ಲಕ್ಷದ ಆಸುಪಾಸು. ಹುಡುಗಿ ಇಲ್ಲೇ ಬೆಳೆದು, ಇಲ್ಲೇ ಸೆಕೆಂಡ್ ಪಿಯುಸಿ ಮಾಡಿದಳು. ಕೈಯಲ್ಲಿ ಹದ್ದಿನ ಚಿತ್ರದ ಪಾಸ್‌ಪೋರ್ಟು, ಜೊತೆಗೆ ಓಸಿಐ ಕಾರ್ಡು. ಪಿಯುಸಿ ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ, ‘ತಾತ, ನಾನು ಅಲ್ಲೇ ಹೋಗಿ ಓದ್ತೀನಿ, ದೊಡ್ಡಪ್ಪನ ಮನೆ ಇದ್ಯಲ್ಲ’ ಅಂದಳು. ಮನೆಯವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ನಾನು, ಪುಟ್ಟಿ ಕನ್ಸಲ್ಟೆನ್ಸಿ ಮೆಟ್ಟಿಲು ಹತ್ತಿದೆವು.

ಎಸಿ ರೂಮು. ಗೋಡೆ ತುಂಬ ಕರಿ ಗೌನು ತೊಟ್ಟು ಟೋಪಿ ಎಸೆಯೋ ಹುಡುಗರ ಫೋಟೊ. ಸೂಟು ಹಾಕಿದ ಹುಡುಗನೊಬ್ಬ ನನ್ನನ್ನ ಅಂಕಲ್ ಅಂದ, ಪುಟ್ಟೀನ ಮ್ಯಾಮ್ ಅಂದ. ‘ಅಂಕಲ್, ಕೌನ್ಸೆಲಿಂಗ್ ಫುಲ್ ಫ್ರೀ. ಅಪ್ಲಿಕೇಷನ್ ನಾವೇ ಹಾಕ್ತೀವಿ, ವೀಸಾ ಮಾಕ್ ಇಂಟರ್‌ವ್ಯೂನೂ ಫ್ರೀ’ ಅಂತ ಹೇಳುತ್ತಾ ಮೂರು ಕಾಲೇಜಿನ ಬ್ರೋಷರ್ ಮುಂದಿಟ್ಟ. ಫ್ರೀ ಅಂದರೆ ನನಗೆ ಭಯ. ಈ ಊರಲ್ಲಿ ಏನನ್ನೂ ಕೇಳದೆ ಫ್ರೀಯಾಗಿ ಊಟ ಹಾಕಿ ಓದಿಸೋದು ಸಿದ್ಧಗಂಗಾ ಮಠ; ಅದನ್ನ ಬಿಟ್ಟು ಯಾರೇ ಫ್ರೀ ಅಂದರೂ ಬಿಲ್ ಇನ್ಯಾರಿಗೋ ಹೋಗಿರುತ್ತೆ.

‘ಪಾಸ್‌ಪೋರ್ಟ್ ಇದ್ಯಾ ಮ್ಯಾಮ್?’ ಅಂದ. ಪುಟ್ಟಿ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಹುಡುಗ ಅದನ್ನ ಎತ್ತಿಕೊಂಡು ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ. ‘ಓ, ಸಿಟಿಜನ್ನಾ’ ಅಂದ. ಮುಖದಲ್ಲಿ ಕರೆಂಟ್ ಹೋಯಿತು. ಬ್ರೋಷರು ಮೂರನ್ನೂ ಜೋಡಿಸಿ ಡ್ರಾಯರಿಗೆ ಹಾಕಿಕೊಂಡ. ಕುಡಿಯುತ್ತಿದ್ದ ಬಾದಾಮಿ ಹಾಲನ್ನೂ ಕೇಳುತ್ತಾನೇನೋ ಅಂತ ನಾನು ಬೇಗ ಮುಗಿಸಿದೆ.

ಆಮೇಲೆ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿಕೊಂಡು ಬಂದು ಹೇಳಿದ್ದು: ಸಿಟಿಜನ್ ಕೇಸು ಬೇರೆ ಅಂಕಲ್, ಇದಕ್ಕೆ ಫಾಫ್ಸಾ ಅಂತ ಅಮೆರಿಕ ಸರ್ಕಾರದ ನೆರವಿನ ಫಾರಂ ತುಂಬಬೇಕು, ತುಂಬಾ ಕಾಂಪ್ಲಿಕೇಟೆಡ್, ಪ್ಯಾಕೇಜ್ ಮೂವತ್ತೈದು ಸಾವಿರ ಆಗುತ್ತೆ.

ಅಮೆರಿಕದ ಕೂಸು ಅಂದರೆ ಇವರಿಗೆ ಖುಷಿ ಆಗಬೇಕಿತ್ತಲ್ಲ, ಯಾಕೆ ಮುಖ ಬಾಡಿತು? ಅದು ತಿಳಿಯೋದಕ್ಕೆ ನನಗೆ ಮೂರು ವಾರ ಹಿಡಿಯಿತು. ಅಲ್ಲಿನ ಶಿಕ್ಷಣ ಇಲಾಖೆ ಪ್ರತಿ ವರ್ಷ ಫೆಡರಲ್ ಸ್ಟೂಡೆಂಟ್ ಏಡ್ ಹ್ಯಾಂಡ್‌ಬುಕ್ ಅಂತ ಒಂದು ಕೈಪಿಡಿ ಹೊರಡಿಸುತ್ತೆ. ಯಾರು ಬೇಕಾದರೂ ಓದಬಹುದು, ಕಾಸಿಲ್ಲ. ಅದು ಹುಡುಗರಿಗೆ ಬರೆದದ್ದಲ್ಲ, ನನ್ನಂಥ ಕಾಲೇಜು ಗುಮಾಸ್ತರಿಗೆ ಬರೆದದ್ದು. ಬಂತಲ್ಲಪ್ಪಾ ನನ್ನ ಇಲಾಖೆ ಅಂತ, ಎಸ್.ಎಸ್. ಪುರಂ ಜೆರಾಕ್ಸ್ ಅಂಗಡಿಯಲ್ಲಿ ಎರಡನೇ ಸಂಪುಟವನ್ನ ಪ್ರಿಂಟ್ ಹಾಕಿಸಿ, ಟ್ಯಾಗ್ ಕಟ್ಟಿಸಿಕೊಂಡು ಬಂದೆ. ಆ ಸಂಪುಟದ ವಿಷಯವೇ ಇದು: ಯಾವ ಕಾಲೇಜು ಫೆಡರಲ್ ದುಡ್ಡು, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ದುಡ್ಡು, ಮುಟ್ಟಬಹುದು, ಯಾವುದು ಮುಟ್ಟಬಾರದು. ನಮ್ಮ ಮನೆಯವಳು, ‘ರಿಟೈರ್ ಆದ್ಮೇಲೂ ಸುತ್ತೋಲೆ ಓದೋರನ್ನ ನಿಮ್ಮನ್ನೇ ನೋಡಿದ್ದು’ ಅಂದಳು. ರಾಮಾಯಣ ಪಾರಾಯಣದ ಹಾಗೆ ದಿನಕ್ಕಿಷ್ಟು ಓದಿದೆ. ಇಂಗ್ಲಿಷ್ ಕೈಕೊಟ್ಟ ಕಡೆ ಪುಟ್ಟಿ ಹೇಳಿಕೊಟ್ಟಳು.

ಅದರಲ್ಲಿ ಸಿಕ್ಕಿತು ನೋಡಿ. ಫೆಡರಲ್ ನೆರವು ಪಡೆಯೋ ಕಾಲೇಜು, ವಿದ್ಯಾರ್ಥಿಯನ್ನ ಸೇರಿಸಿದ್ದಕ್ಕೆ ಯಾರಿಗೂ ತಲೆಗಿಷ್ಟು ಅಂತ ಕಮಿಷನ್ನಾಗಲಿ, ಬೋನಸ್ಸಾಗಲಿ ಕೊಡಕೂಡದು. ಇದಕ್ಕೆ ವಿನಾಯಿತಿ ಒಂದೇ: ಹೊರದೇಶದಲ್ಲಿ ವಾಸವಿರೋ, ಫೆಡರಲ್ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳು. ಅಂದರೆ ಪಕ್ಕದ ಮನೆ ಹುಡುಗ ಎಫ್‌-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಹೋದರೆ ಅವನ ತಲೆ ಮೇಲೆ ಏಜೆಂಟನಿಗೆ ಕಮಿಷನ್ ಬರಬಹುದು. ನಮ್ಮ ಪುಟ್ಟಿಯ ತಲೆ ಮೇಲೆ ಒಂದು ಸೆಂಟೂ ಬರಕೂಡದು, ಅವಳು ನೆರವಿಗೆ ಅರ್ಹಳು. ಫ್ರೀ ಕೌನ್ಸೆಲಿಂಗಿನ ಬಿಲ್ ಎಲ್ಲಿಗೆ ಹೋಗುತ್ತಿತ್ತು, ಪಾಸ್‌ಪೋರ್ಟ್ ನೋಡಿ ಕರೆಂಟ್ ಯಾಕೆ ಹೋಯಿತು, ಎರಡೂ ಒಂದೇ ಸಾಲಿನಲ್ಲಿ ಇತ್ತು. ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಕಮಿಷನ್ ತಗೊಳ್ಳೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮೊದಲೇ ಹೇಳಬೇಕಿತ್ತು ಅಷ್ಟೆ.

ಇನ್ನು ಆ ಮೂವತ್ತೈದು ಸಾವಿರ. ಫಾಫ್ಸಾ ಅನ್ನೋ ಹೆಸರಿನ ಮೊದಲಕ್ಷರ ಬಂದಿರೋದೇ ಫ್ರೀ ಅನ್ನೋ ಪದದಿಂದ. ಸ್ಟೂಡೆಂಟ್‌ಏಡ್ ಡಾಟ್ ಗವ್ ಅನ್ನೋ ಸರ್ಕಾರಿ ತಾಣದಲ್ಲಿ ಮನೆಯಲ್ಲೇ ಕೂತು ತುಂಬಬಹುದು. ವಿದ್ಯಾರ್ಥಿ ಒಂದು ಖಾತೆ ತೆರೆಯಬೇಕು, ತಂದೆ ತಾಯಿ ಅವರವರ ಖಾತೆ ತೆರೆದು ಅವರ ಭಾಗ ತುಂಬಿ ಸಹಿ ಮಾಡಬೇಕು. ತಂದೆ ತಾಯಿ ಅಮೆರಿಕದ ಪ್ರಜೆಗಳಾಗಿರಬೇಕಾಗಿಲ್ಲ, ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರೂ ಖಾತೆ ತೆರೆಯಬಹುದು. ವಾಸದ ಮನೆಯನ್ನ ಆಸ್ತಿ ಲೆಕ್ಕಕ್ಕೆ ಹಿಡಿಯೋದಿಲ್ಲ. ನಮ್ಮ ನಾಡಕಚೇರಿಯ ಆದಾಯ ಪ್ರಮಾಣ ಪತ್ರಕ್ಕಿಂತ ಕಷ್ಟ ಅಂತೂ ಅಲ್ಲ.

ನಾವು ತಡವರಿಸಿದ್ದು ಒಂದೇ ಕಡೆ, ವರ್ಷದ ಲೆಕ್ಕದಲ್ಲಿ. 2025-26ರ ಅರ್ಜಿಗೆ ಅವರು ಕೇಳೋದು 2023ರ ಆದಾಯ. ಅವರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಅಳಿಯಂದಿರ ರಿಟರ್ನಿನ ಮೇಲೆ ಹಣಕಾಸು ವರ್ಷ 2023-24 ಅಂತ ಒಂದು ಕಡೆ, ಅಸೆಸ್‌ಮೆಂಟ್ ವರ್ಷ 2024-25 ಅಂತ ಇನ್ನೊಂದು ಕಡೆ. ‘ಮಾವ, ಯಾವುದನ್ನ ಹಾಕೋಣ?’ ಅಂತ ಅಳಿಯಂದಿರು ಕೇಳಿದಾಗ ನನಗೂ ಗೊತ್ತಿರಲಿಲ್ಲ. ಕೈಪಿಡಿ ಪ್ರಕಾರ, 2023ರ ಹೆಚ್ಚು ತಿಂಗಳು ಯಾವ ಹಣಕಾಸು ವರ್ಷದಲ್ಲಿ ಬೀಳುತ್ತೋ ಅದು. ಏಪ್ರಿಲ್‌ನಿಂದ ಡಿಸೆಂಬರ್ ಒಂಬತ್ತು ತಿಂಗಳು, ಹಾಗಾಗಿ 2023-24. ಅರ್ಜಿ ತುಂಬಿದ ದಿನದ ದರದಲ್ಲಿ ಡಾಲರಿಗೆ ತಿರುಗಿಸಬೇಕು. ನಾವು ತುಂಬಿದ್ದು ಫೆಬ್ರುವರಿಯಲ್ಲಿ, 86 ರೂಪಾಯಿ ಚಿಲ್ಲರೆ ಇತ್ತು. ಇಲ್ಲಿ ಮಧ್ಯಮ ವರ್ಗ ಅನ್ನಿಸಿಕೊಂಡ ಸಂಬಳ ಅಲ್ಲಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ಡಾಲರಿನ ಹತ್ತಿರ ಬಂದು ನಿಂತಿತು. ಅಳಿಯಂದಿರು ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕೂತಿದ್ದರು.

ಹುಡುಗಿಗೆ ಪೆಲ್ ಗ್ರಾಂಟ್, ಅಂದರೆ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅಲ್ಲಿನ ಸರ್ಕಾರ ಕೊಡೋ ಸಹಾಯಧನ, ಪೂರ್ತಿ ಬಂತು. 2025-26ರ ಗರಿಷ್ಠ ಮೊತ್ತ 7,395 ಡಾಲರ್, ಸಾಲದ ಹಾಗೆ ವಾಪಸ್ ಕಟ್ಟಬೇಕಾಗಿಲ್ಲ. 1972ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು, 1980ರಲ್ಲಿ ಕ್ಲೇಬೋರ್ನ್ ಪೆಲ್ ಅನ್ನೋ ಸೆನೆಟರ್ ಹೆಸರಿಟ್ಟರಂತೆ. ಇದರ ತಾಯಿ ಕಾನೂನು 1965ರದು, ಅಧ್ಯಕ್ಷ ಲಿಂಡನ್ ಜಾನ್ಸನ್ ತಾವು ಓದಿದ ಟೆಕ್ಸಸ್‌ನ ಕಾಲೇಜಿಗೇ ಹೋಗಿ ಅದಕ್ಕೆ ಸಹಿ ಹಾಕಿದರು.

ಈಗ ಕಾಲೇಜಿನ ಮಾತು. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಮಕ್ಕಳಿಗೆ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ, ಕಾಲೇಜಿಗೆ ಕೊಡೋ ಯೋಗ್ಯತೆ ಇದೆಯಾ ಅಂತ ಯಾರೂ ಕೇಳಲ್ಲ.

ನಮ್ಮಲ್ಲಿ ಈಗ ವಿದ್ಯಾರ್ಥಿವೇತನ ನೇರ ಹುಡುಗರ ಬ್ಯಾಂಕ್ ಖಾತೆಗೆ ಬೀಳುತ್ತೆ. ಅಲ್ಲಿ ಹಾಗಲ್ಲ. ದುಡ್ಡು ಕಾಲೇಜಿಗೆ ಬರುತ್ತೆ, ಕಾಲೇಜು ಮೊದಲು ತನ್ನ ಫೀಸು ಮುರಿದುಕೊಳ್ಳುತ್ತೆ, ಮಿಕ್ಕಿದ್ದನ್ನ 14 ದಿನದೊಳಗೆ ಹುಡುಗರಿಗೆ ಕೊಡಬೇಕು. ಹುಲ್ಲು ಕಾಯೋ ಕೆಲಸ ಹಸುವಿಗೇ ಕೊಟ್ಟ ಹಾಗೆ. ಅದಕ್ಕೇ ಹಸುವಿಗೆ ಅಷ್ಟೊಂದು ಹಗ್ಗ. ಒಂದು ಕಾಲೇಜು ಅಲ್ಲಿ ಫೆಡರಲ್ ದುಡ್ಡು ಮುಟ್ಟಬೇಕಾದರೆ ಮೂರು ಕಡೆಯಿಂದ ಸೈ ಅನ್ನಿಸಿಕೊಳ್ಳಬೇಕು. ಒಂದು, ಆ ರಾಜ್ಯ ಸರ್ಕಾರದ ಅನುಮತಿ. ಎರಡು, ಮಾನ್ಯತೆ, ಅದು ಯಾವನೋ ಕೊಟ್ಟ ಮಾನ್ಯತೆ ಆಗಲ್ಲ, ಶಿಕ್ಷಣ ಇಲಾಖೆ ಒಪ್ಪಿಕೊಂಡ ಸಂಸ್ಥೆಯೇ ಕೊಟ್ಟಿರಬೇಕು. ಮೂರು, ಇಲಾಖೆಯದೇ ಸರ್ಟಿಫಿಕೇಷನ್. ಅಷ್ಟಾದ ಮೇಲೆ ಕಾಲೇಜಿನ ಮುಖ್ಯಸ್ಥರು ಒಂದು ಕರಾರಿಗೆ ಸಹಿ ಹಾಕಬೇಕು, ಪ್ರೋಗ್ರಾಂ ಪಾರ್ಟಿಸಿಪೇಷನ್ ಅಗ್ರಿಮೆಂಟ್ ಅಂತ. ಅದರ ಆಯಸ್ಸು ಹೆಚ್ಚೆಂದರೆ ಆರು ವರ್ಷ, ಆಮೇಲೆ ಮತ್ತೆ ಅರ್ಜಿ. ಅನುಮಾನ ಇದ್ದ ಕಾಲೇಜಿಗೆ ಪ್ರೊವಿಷನಲ್ ಅಂತ ಕೊಟ್ಟು ಮೂಗುದಾರ ಬಿಗಿ ಹಿಡಿದಿರುತ್ತಾರೆ.

ಕರಾರು ಹಾಕಿಸಿಕೊಂಡು ಸುಮ್ಮನಾಗಲ್ಲ. ಪ್ರತಿ ವರ್ಷ ಆಡಿಟ್. ಖಾಸಗಿ ಕಾಲೇಜುಗಳ ಹಣಕಾಸು ಆರೋಗ್ಯಕ್ಕೆ ಅಂಕ ಹಾಕುತ್ತಾರೆ, 1.5 ಬಂದರೆ ಪಾಸು. ಕಡಿಮೆ ಬಿದ್ದವರು ಬ್ಯಾಂಕಿನಿಂದ ಲೆಟರ್ ಆಫ್ ಕ್ರೆಡಿಟ್ ಅನ್ನೋ ಖಾತರಿ ಪತ್ರ ತಂದಿಡಬೇಕಾಗಬಹುದು. ಆ ಕಾಲೇಜಿನಲ್ಲಿ ಓದಿ ಹೋದವರಲ್ಲಿ ಸಾಲ ಕಟ್ಟದವರ ಪ್ರಮಾಣ ಸತತ ಮೂರು ವರ್ಷ ಶೇಕಡಾ 30 ಮುಟ್ಟಿದರೆ ಸಾಲ, ಪೆಲ್ ಗ್ರಾಂಟು ಎರಡರಿಂದಲೂ ಹೊರಗೆ ಬೀಳಬಹುದು; ಒಂದೇ ವರ್ಷ 40 ದಾಟಿದರೆ ಸಾಲದಿಂದ ಮಾತ್ರ. ಲಾಭಕ್ಕಾಗಿ ನಡೆಸೋ ಕಾಲೇಜುಗಳಿಗೆ ಇನ್ನೊಂದು ಕಟ್ಟುಪಾಡು: ಆದಾಯದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಫೆಡರಲ್ ದುಡ್ಡೇ ಆಗಿರಕೂಡದು, ಹತ್ತಾದರೂ ಹೊರಗಿನಿಂದ ಬರಬೇಕು. ಮೊದಲು ಸೈನಿಕರಿಗೆ ಬರೋ ಓದಿನ ಸವಲತ್ತನ್ನ ಆ ಹತ್ತರಲ್ಲಿ ತೋರಿಸಿ ಬಚಾವಾಗುತ್ತಿದ್ದರಂತೆ; 2023ರಿಂದ ಶುರುವಾದ ಲೆಕ್ಕದ ವರ್ಷಗಳಿಗೆ ಅದನ್ನೂ ತೊಂಬತ್ತರ ಕಡೆಗೇ ಸೇರಿಸಿಬಿಟ್ಟಿದ್ದಾರೆ. ಇದನ್ನ ಓದಿದಾಗ ನನಗೆ ನಗು ಬಂತು. ರೂಲು ಎಲ್ಲಿದೆಯೋ ಅದರ ಪಕ್ಕದಲ್ಲೇ ಕಿಂಡಿ ಹುಡುಕೋ ಜನ ಎಲ್ಲ ದೇಶದಲ್ಲೂ ಇದ್ದಾರೆ.

ಈ ಹಗ್ಗ ಕತ್ತರಿಸಿದರೆ ಏನಾಗುತ್ತೆ ಅನ್ನೋದಕ್ಕೆ ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸಾಕ್ಷಿ. ಫೆಡರಲ್ ನೆರವಿನ ಮೇಲೆ ಹೊಸ ಹುಡುಗರನ್ನ ಸೇರಿಸಿಕೊಳ್ಳೋ ಹಾಗಿಲ್ಲ ಅಂತ ಇಲಾಖೆ 2016ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಬಾಗಿಲು ಹಾಕಿದರು, ನೂರಮೂವತ್ತಕ್ಕೂ ಹೆಚ್ಚು ಕ್ಯಾಂಪಸ್ಸು.

ಇಷ್ಟು ಓದಿಕೊಂಡ ಮೇಲೆ ಆ ಕನ್ಸಲ್ಟೆನ್ಸಿ ಹುಡುಗನ ಒಂದು ಬ್ರೋಷರ್ ನೆನಪಾಯಿತು. ಪುಟ್ಟಿ ಅಷ್ಟರಲ್ಲಿ ಅದರ ಫೋಟೊ ತೆಗೆದಿಟ್ಟುಕೊಂಡಿದ್ದಳು. ‘ಫುಲ್ಲಿ ಅಕ್ರೆಡಿಟೆಡ್’ ಅಂತ ಚಿನ್ನದ ಬಣ್ಣದ ಮುದ್ರೆ. ಅಲ್ಲಿನ ಶಿಕ್ಷಣ ಇಲಾಖೆ ಮಾನ್ಯತೆ ಇರೋ ಕಾಲೇಜುಗಳ ಪಟ್ಟಿಯನ್ನ ಡ್ಯಾಪಿಪ್ ಅನ್ನೋ ತಾಣದಲ್ಲಿ ಹಾಕಿದೆ. ಹುಡುಕಿದೆವು, ಆ ಹೆಸರಿಲ್ಲ. ಫಾಫ್ಸಾ ಅರ್ಜಿಯಲ್ಲಿ ಪ್ರತಿ ಕಾಲೇಜಿಗೂ ಆರು ಅಕ್ಷರ ಅಂಕಿಯ ಫೆಡರಲ್ ಸ್ಕೂಲ್ ಕೋಡ್ ಇರುತ್ತೆ, ನಮ್ಮ ಕಾಲೇಜುಗಳಿಗೆ ಐಶೆ ಕೋಡ್ ಇದ್ದ ಹಾಗೆ. ಅದರಲ್ಲೂ ಹುಡುಕಿದೆವು, ಇಲ್ಲ. ಮುದ್ರೆ ಹಾಕಿದ ಸಂಸ್ಥೆಯ ಹೆಸರನ್ನ ಇಲಾಖೆ ಒಪ್ಪಿಕೊಂಡ ಮಾನ್ಯತಾ ಸಂಸ್ಥೆಗಳ ಪಟ್ಟಿಯಲ್ಲಿ ನೋಡಿದೆವು, ಅದೂ ಇಲ್ಲ. ಅವನು ಮಾವ, ಇವನು ಅಳಿಯ, ಮದುವೆ ಮಾತ್ರ ಆಗಿಲ್ಲ.

ಕೊನೆಗೆ ದೊಡ್ಡಪ್ಪನ ಮನೆಗೆ ಹತ್ತಿರದ ಸರ್ಕಾರಿ ಕಮ್ಯುನಿಟಿ ಕಾಲೇಜನ್ನ ನಾವೇ ಹುಡುಕಿಕೊಂಡೆವು. ಕೋಡ್ ಇದೆ, ಪಟ್ಟಿಯಲ್ಲಿದೆ. ಕಾಲೇಜ್ ಸ್ಕೋರ್‌ಕಾರ್ಡ್ ಅನ್ನೋ ಸರ್ಕಾರಿ ತಾಣದಲ್ಲಿ ಓದು ಮುಗಿಸೋರೆಷ್ಟು, ಸಾಲ ಎಷ್ಟು ಅಂತಲೂ ನೋಡಿದೆವು. ಒಂದು ಎಚ್ಚರಿಕೆ: ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಯಾವ ರಾಜ್ಯದ ನಿವಾಸಿಯೂ ಆಗಲ್ಲ. ತಂದೆ ತಾಯಿ ತುಮಕೂರಿನಲ್ಲಿದ್ದಾರೆ ಅಂತ ಪುಟ್ಟಿಗೆ ಹೊರರಾಜ್ಯದವರ ಫೀಸೇ ಬಿತ್ತು. ಸೆಮಿಸ್ಟರಿಗೆ 4,600 ಡಾಲರ್ ಹತ್ತಿರ. ಪೆಲ್‌ನಲ್ಲಿ ಅರ್ಧ ವರ್ಷದ್ದು 3,700ಕ್ಕೆ ಎರಡೋ ಮೂರೋ ಕಮ್ಮಿ ಬರುತ್ತೆ, ಮಿಕ್ಕ ಒಂಬೈನೂರು ಚಿಲ್ಲರೆ ನಮ್ಮ ಕೈಯಿಂದ. ಊಟ, ವಾಸ ದೊಡ್ಡಪ್ಪನ ಮನೆಯಲ್ಲಿ. ಆಫರ್ ಲೆಟರಿನಲ್ಲಿ 5,500 ಡಾಲರ್ ಸಾಲವನ್ನೂ ಬರೆದಿದ್ದರು, ಅದರಲ್ಲಿ 3,500ಕ್ಕೆ ಓದೋವಾಗ ಬಡ್ಡಿ ಸರ್ಕಾರದ್ದು. 2025-26ರಲ್ಲಿ ಬಡ್ಡಿ ದರ ಶೇಕಡಾ 6.39 ಇತ್ತು. ಗ್ರಾಂಟು, ಸಾಲ ಎರಡನ್ನೂ ಒಂದೇ ಕಾಗದದಲ್ಲಿ ಒಟ್ಟು ಹಾಕಿ ‘ನಿಮ್ಮ ನೆರವು’ ಅಂತ ಬರೆದಿದ್ದು ನನಗೆ ಸರಿ ಕಾಣಲಿಲ್ಲ. ಸಾಲಕ್ಕೆ ಬೇಡ ಅಂತ ಟಿಕ್ ಮಾಡಿದೆವು. ಬೇಡ ಅನ್ನೋದಕ್ಕೂ ಜಾಗ ಇದೆ, ಗೊತ್ತಿರಲಿ.

ಈಗ ಆ ಏಡ್ ಆಫೀಸು. ವೆರಿಫಿಕೇಷನ್‌ಗೆ ನಮ್ಮ ಅರ್ಜಿ ಆಯ್ಕೆಯಾಗಿದೆ, ದಾಖಲೆ ಕಳಿಸಿ ಅಂತ ಮೇಲ್ ಬಂತು. ಅವರಿಗೆ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ರಾತ್ರಿ ಏಳೂವರೆ. ಅದೂ ಮಾರ್ಚ್‌ವರೆಗೆ, ಆಮೇಲೆ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದಾಗ ಆರೂವರೆ. ಇದು ಗೊತ್ತಿಲ್ಲದೆ ಒಂದು ವಾರ ಒಂದು ಗಂಟೆ ತಡವಾಗಿ ಫೋನ್ ಹಚ್ಚಿ, ಉದ್ದದ ಕ್ಯೂನಲ್ಲಿ ಅವರ ಪಿಟೀಲು ಕೇಳಿಕೊಂಡು ಕೂತಿದ್ದೆ.

ಮೊದಲ ಸಲ ಲೈನ್ ಸಿಕ್ಕಾಗ ನಾನೇ ಮಾತಾಡಿದೆ. ನನ್ನ ಪರಿಚಯ, ನನ್ನ ಸರ್ವಿಸು, ಮೊಮ್ಮಗಳ ಹೆಸರು ಎಲ್ಲ ಹೇಳಿದೆ. ಆ ಕಡೆಯ ಮೇಡಂ ಎಲ್ಲ ಕೇಳಿಸಿಕೊಂಡು ಬಹಳ ಮರ್ಯಾದೆಯಿಂದ ಅಂದರು, ಆ ಹೆಸರಿನ ವಿದ್ಯಾರ್ಥಿ ನಮ್ಮಲ್ಲಿದ್ದಾಳೋ ಇಲ್ಲವೋ ಅನ್ನೋದನ್ನೂ ನಾನು ನಿಮಗೆ ಹೇಳೋ ಹಾಗಿಲ್ಲ ಸರ್. ನಾನು ಅವಳ ತಾತ ಅಂದೆ. ಇರಬಹುದು ಸರ್, ವಿದ್ಯಾರ್ಥಿ ಬರೆದು ಒಪ್ಪಿಗೆ ಕೊಟ್ಟರೆ ಮಾತಾಡುತ್ತೇನೆ ಅಂದರು. ವಿದ್ಯಾರ್ಥಿಯ ದಾಖಲೆಯನ್ನ ಬೇರೆಯವರಿಗೆ ಬಿಟ್ಟುಕೊಡಬಾರದು ಅನ್ನೋ ಫೆರ್ಪಾ ಅಂತ 1974ರ ಕಾನೂನಂತೆ. ನನಗೆ ಒಂದು ಕ್ಷಣ ಸಿಟ್ಟು ಬಂದದ್ದು ನಿಜ. ನಮ್ಮ ಆಫೀಸಿನಲ್ಲಿ ಹುಡುಗನ ಸ್ಕಾಲರ್‌ಶಿಪ್ ವಿಚಾರಿಸೋದಕ್ಕೆ ಅಪ್ಪ ಬರುತ್ತಿದ್ದ, ಮಾವ ಬರುತ್ತಿದ್ದ, ಓಣಿಯ ಲೀಡರು ಬರುತ್ತಿದ್ದ. ಒಂದು ಸಲ ಹುಡುಗಿಯೊಬ್ಬಳನ್ನ ನೋಡೋಕೆ ಹೊರಟಿದ್ದ ಗಂಡಿನ ಕಡೆಯವರು ಬಂದು ಅವಳ ಅಂಕ, ಜಾತಿ ಪ್ರಮಾಣ ಪತ್ರ ಎರಡನ್ನೂ ನೋಡಿಕೊಂಡು ಹೋಗಿದ್ದರು. ತೋರಿಸಿದವನು ನಾನೇ. ಫೋನ್ ಇಟ್ಟ ಮೇಲೆ ಅದು ನೆನಪಾಯಿತು. ಸಿಟ್ಟು ಇಳಿಯಿತು.

ಪುಟ್ಟಿ ಒಪ್ಪಿಗೆ ಪತ್ರ ಕಳಿಸಿದ ಮೇಲೆ ಅದೇ ಮೇಡಂ ಅರ್ಧ ಗಂಟೆ ಮಾತಾಡಿದರು. ಅಳಿಯಂದಿರ ಐಟಿ ರಿಟರ್ನಿಗೆ ಸಹಿ ಹಾಕಿ ಕಳಿಸಿ, ಹಣಕಾಸು ವರ್ಷ ನೀವು ಹಿಡಿದಿದ್ದು ಸರಿಯಿದೆ ಅಂದರು. ಅದನ್ನ ಕೇಳಿ ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಮನೆಯವಳು ‘ಏನಂತೆ, ನಿಮಗೇ ಸ್ಕಾಲರ್‌ಶಿಪ್ ಬಂತಾ?’ ಅಂದಳು. ಅದೇ ಫೈಲನ್ನ ಮೂರು ಸಲ ಅಪ್‌ಲೋಡ್ ಮಾಡಿಸಿದರು, ಅದು ಬೇರೆ ಮಾತು. ಅಪ್‌ಲೋಡ್ ಅನ್ನೋದು ಎಲ್ಲ ದೇಶದಲ್ಲೂ ಮೂರು ಸಲವೇ ಇರಬೇಕು.

ನಾನು ಕೇಳದಿದ್ದರೂ ಅವರೇ ಹೇಳಿದ ಒಂದು ಮಾತನ್ನ ಇಲ್ಲಿ ಬರೆಯಲೇಬೇಕು. ಸೆಮಿಸ್ಟರಿನ ಮಧ್ಯೆ ಪೂರ್ತಿ ಬಿಟ್ಟು ಹೋದರೆ ಎಷ್ಟು ದಿನ ಓದಿದಳೋ ಅಷ್ಟರ ದುಡ್ಡು ಮಾತ್ರ ಅವಳದು. ಶೇಕಡಾ 60 ದಾಟಿದ ಮೇಲೆ ಬಿಟ್ಟರೆ ಪೂರ್ತಿ ಅವಳದು. ಅದಕ್ಕೆ ಮುಂಚೆ ಬಿಟ್ಟರೆ ಕಾಲೇಜು ತನ್ನ ಪಾಲನ್ನ 45 ದಿನದಲ್ಲಿ ಸರ್ಕಾರಕ್ಕೆ ವಾಪಸ್ ಕಟ್ಟಿ, ಆ ಫೀಸಿನ ಬಾಕಿಯನ್ನ ಹುಡುಗಿ ಹೆಸರಿಗೆ ಬರೆಯಬಹುದು. ಹಾಗಾಗಿ ಮನೆ ನೆನಪಾಗಿ ಓಡಿ ಬರಬೇಕು ಅನ್ನಿಸಿದರೆ ಮೊದಲು ನನಗೆ ಫೋನ್ ಮಾಡೋದಕ್ಕೆ ಹೇಳಿ ಅಂದರು. ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ಹುಡುಗರಿಗೆ ಹೀಗೆ ಮುಂಚೆಯೇ ಹೇಳಿದ್ದೆ ಅಂತ ಎಣಿಸಿದರೆ ಒಂದು ಕೈ ಬೆರಳು ಸಾಕು.

ಐದನೇ ಸ್ಟಾರ್ ಹೋದದ್ದು ಹೀಗೆ. ಆ ಕೈಪಿಡಿಯಲ್ಲಿ ನನಗೆ ಬಹಳ ಹಿಡಿಸಿದ ರೂಲು ಒಂದಿದೆ: ನೆರವು ಮಂಜೂರು ಮಾಡೋ ಕೈ ಬೇರೆ, ದುಡ್ಡು ಬಟವಾಡೆ ಮಾಡೋ ಕೈ ಬೇರೆ ಇರಬೇಕು. ಒಂದೇ ಮನುಷ್ಯ ಎರಡೂ ಮಾಡಕೂಡದು. ನಮ್ಮಲ್ಲಿ ಲಿಸ್ಟ್ ಬರೆಯೋನೂ ನಾನೇ, ನೋಟು ಎಣಿಸೋನೂ ನಾನೇ ಆಗಿದ್ದ ದಿನಗಳಿದ್ದವು. ನಾನು ನೆಟ್ಟಗಿದ್ದೆ ಅನ್ನೋದು ಬೇರೆ, ವ್ಯವಸ್ಥೆ ನೆಟ್ಟಗಿರಲಿಲ್ಲ. ಆದರೆ ಇದೇ ರೂಲು ನಮ್ಮನ್ನ ಕಚ್ಚಿತು. ಆಗಸ್ಟ್‌ನಲ್ಲಿ ಪುಟ್ಟಿ ಅಲ್ಲಿಗೆ ಹೋಗಿ ಇಳಿದಾಗ ಏಡ್ ಆಫೀಸಿನಲ್ಲಿ ವೆರಿಫಿಕೇಷನ್ ಮುಗಿದಿತ್ತು, ಆದರೆ ಫೀಸು ನೋಡೋ ಕೌಂಟರಿನ ಪರದೆಯಲ್ಲಿ ಅದಿನ್ನೂ ಕಂಡಿರಲಿಲ್ಲ. ಫೀಸು ಕಟ್ಟಿಲ್ಲ ಅಂತ ಕಂಪ್ಯೂಟರ್ ತಾನೇ ಅವಳ ನಾಲ್ಕೂ ಕ್ಲಾಸ್ ರದ್ದು ಮಾಡಿತು. ಈ ಕಿಟಕಿಯವರು ಆ ಕಿಟಕಿಗೆ ಹೋಗು ಅಂದರು, ಆ ಕಿಟಕಿಯವರು ಈ ಕಿಟಕಿಗೆ ಕಳಿಸಿದರು. ‘ತಾತ, ಇಲ್ಲೂ ಸೇಮ್ ನಿಮ್ಮ ಆಫೀಸೇ’ ಅಂತ ಫೋನಿನಲ್ಲಿ ಅತ್ತಳು. ಮೂರನೇ ದಿನ ಆ ಮೇಡಂ ತಾವೇ ಕೌಂಟರಿನವರ ಹತ್ತಿರ ನಡೆದು ಹೋಗಿ ಸರಿ ಮಾಡಿಸಿದರು. ಅಷ್ಟರಲ್ಲಿ ಗಣಿತದ ಒಳ್ಳೆ ಸಮಯದ ಕ್ಲಾಸ್ ತುಂಬಿ, ಉಳಿದದ್ದು ಬೆಳಿಗ್ಗೆ ಎಂಟರದು. ದೊಡ್ಡಪ್ಪನ ಮನೆಯಿಂದ ಎರಡು ಬಸ್ಸು.

ಎರಡು ವಾರಕ್ಕೆ ಗಣಿತ ಬಿಡ್ತೀನಿ ಅಂತ ಶುರುಮಾಡಿದಳು. 12 ಕ್ರೆಡಿಟ್ ಇದ್ದರೆ ಪೂರ್ಣಾವಧಿ, ಮೂರು ಬಿಟ್ಟರೆ ಒಂಬತ್ತು. ಪೆಲ್ ಈಗ ಕ್ರೆಡಿಟ್ ಲೆಕ್ಕದಲ್ಲೇ ಕೊಡೋದು, ಒಂಬತ್ತಕ್ಕೆ ಶೇಕಡಾ 75. ಕಾಲೇಜು ಲೆಕ್ಕ ಕಟ್ಟೋ ದಿನದೊಳಗೆ ಬಿಟ್ಟಿದ್ದರೆ ಒಂದು ಸೆಮಿಸ್ಟರಿಗೆ ಒಂಬೈನೂರು ಡಾಲರಿನ ಮೇಲೆ ಹೋಗುತ್ತಿತ್ತು. ಫೋನಿನಲ್ಲಿ ನಾನು ಇದನ್ನೇ ಹೇಳಿದೆ, ಅವಳ ಅಜ್ಜಿ ಬೇರೆ ಥರ ಹೇಳಿದಳು. ಅಜ್ಜಿ ಹೇಳಿದ್ದು ಕೆಲಸ ಮಾಡಿತು. ಬೆಳಿಗ್ಗೆ ಐದೂವರೆಗೆ ಏಳುತ್ತಾಳಂತೆ, ಇಲ್ಲಿದ್ದಾಗ ಏಳೂವರೆಗೆ ಕಾಫಿ ಲೋಟ ಮೂಗಿನ ಹತ್ತಿರ ಹಿಡಿಯಬೇಕಿತ್ತು.

ದಸರಾ ಹೊತ್ತಿಗೆ ಅವಳಿಗೆ ವರ್ಕ್‌-ಸ್ಟಡಿ ಸಿಕ್ಕಿತು. ಇದೂ ಫೆಡರಲ್ ನೆರವಿನದೇ ಒಂದು ಕೊಂಬೆ: ಕಾಲೇಜಿನಲ್ಲೇ ವಾರಕ್ಕೆ ಇಷ್ಟು ಗಂಟೆ ಕೆಲಸ ಕೊಡುತ್ತಾರೆ, ಸಂಬಳದ ದೊಡ್ಡ ಪಾಲು ಸಾಮಾನ್ಯವಾಗಿ ಸರ್ಕಾರದ್ದು, ಉಳಿದದ್ದು ಕಾಲೇಜಿನದು. ಎಲ್ಲಿ ಹಾಕಿದ್ದಾರೆ ಅಂದರೆ ಅದೇ ಏಡ್ ಆಫೀಸಿನ ಮುಂದಿನ ಮೇಜಿಗೆ. ಫೋನ್ ಎತ್ತೋದು, ಬಂದವರಿಗೆ ಚೀಟಿ ಕೊಟ್ಟು ಕೂರಿಸೋದು. ಮಗಳು, ಅಳಿಯಂದಿರು ನಕ್ಕರು, ರಕ್ತ ಎಲ್ಲಿಗೆ ಹೋಗುತ್ತೆ ಅಂತ.

ಕಳೆದ ವಾರ ವಿಡಿಯೊ ಕಾಲ್‌ನಲ್ಲಿ ಹೇಳುತ್ತಿದ್ದಳು: ‘ತಾತ, ಇವತ್ತು ಯಾರೋ ಒಬ್ಬರು ತಾತ ಫೋನ್ ಮಾಡಿದ್ರು, ಮೊಮ್ಮಗನ ಪೆಲ್ ಬಂತಾ ನೋಡಮ್ಮ ಅಂತ. ಪಾಪ, ಹೆಸರು, ಹುಟ್ಟಿದ ತಾರೀಖು ಎಲ್ಲ ಹೇಳಿದ್ರು.’

‘ನೀನೇನಂದೆ?’

‘ಆ ಹೆಸರಿನವರು ನಮ್ಮಲ್ಲಿದ್ದಾರೋ ಇಲ್ವೋ ಅನ್ನೋದನ್ನೂ ಹೇಳೋ ಹಾಗಿಲ್ಲ ಸರ್ ಅಂದೆ.’